ಹಿಂದಿನ ಸೀಟಿನ ಕಾಕು

ಮೊನ್ನೆ ಎದುರು ಮನೆಯವರು ಹೊಸ ಮೋಟರ್ ಸೈಕಲ್ ತಂದರು. ಗೇಟಿನ ಮುಂದೆಯೇ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು ಒಡೆದು, ಊದಿನಕಡ್ಡಿ, ಚೆಂಡುಹೂವು, ಪೆಟ್ರೋಲು ಎಲ್ಲ ಕೂಡಿದ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಪ್ರಸಾದಕ್ಕೆಂದು ಹೋದವಳು ಸುಮ್ಮನೆ ತಿರುಗಿ ಬರಬಾರದೇ, ಹಿಂದಿನ ಸೀಟಿನ ಮೇಲೆ ಕೈ ಇಟ್ಟೆ. ಮೇಲಿನ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಕಾದು ಹೊಸ ರೆಕ್ಸಿನ್ನಿನ ವಾಸನೆ ಬಿಡುತ್ತಿತ್ತು. ಅಷ್ಟಕ್ಕೇ ಕಾಕು ನೆನಪಾದರು... ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.

ಚಿಕ್ಕಮ್ಮನ ಹಾಗೆಂದು ಕಾಕು ಎನ್ನುತ್ತಿದ್ದೆವೇ ಹೊರತು ಅವರು ನಮಗೆ ಸಂಬಂಧಿಕರೇನಲ್ಲ. ನಾನು ಮದುವೆಯಾಗಿ ಧಾರವಾಡಕ್ಕೆ ಬಂದಾಗ ಪಕ್ಕದ ಮನೆ ಅವರದು. ನಡುವೆ ಎದೆಮಟ್ಟದ ಗೋಡೆ. ಅರ್ಧ ಅಡುಗೆ, ಅರ್ಧ ಮಾತು ಆ ಗೋಡೆಯ ಮೇಲಿನಿಂದಲೇ ಅತ್ತಿತ್ತ ಹೋಗಿ ಬರುತ್ತಿದ್ದವು. ಅವರ ಯಜಮಾನರು, ನಮ್ಮೆಲ್ಲರ ಕಾಕಾ, ಉಪ್ಪಿನಬೆಟಗೇರಿಯಲ್ಲಿ ಹೈಸ್ಕೂಲ್ ಮಾಸ್ತರರು. ದಿನಾ ಗಾಡಿಯ ಮೇಲೆ ಹೋಗಿ ಬರುವವರು, ಬಸ್ಸೆಂದರೆ ಆಗದು. ಒಬ್ಬಳೇ ಮಗಳನ್ನು ಬೆಳಗಾವಿಗೆ ಕೊಟ್ಟಿದ್ದರು. ಕಾಕುವಿನ ಬಾಯಿ ಇಡೀ ಓಣಿಗೆ ಗೊತ್ತಿತ್ತು. ಗಂಡನಿರಲಿ, ದೇವರೂ ಅದರಿಂದ ಪಾರಾಗಿರಲಿಲ್ಲ.

ಕಾಕಾ ಆಯುಷ್ಯದುದ್ದಕ್ಕೂ ಗಾಡಿ ಬದಲಿಸಿದವರು. ಒಂದು ಕಂಪನಿಯದು ಸಾಕಾಯಿತೆಂದರೆ ಇನ್ನೊಂದರ ಗುಣಗಾನ ಶುರು. ಕಾಕುವಿನ ಬಾಯಲ್ಲಿ ಮಾತ್ರ ಕಂಪನಿಯ ಹೆಸರು ಬಂದದ್ದೇ ಇಲ್ಲ. ಮದುವೆಯ ಹೊಸದರಲ್ಲಿ ತಂದದ್ದು ಅವರ ಲೆಕ್ಕದಲ್ಲಿ ‘ಹಾಲಿನ ಗಾಡಿ’. ಹಳ್ಳಿಯಿಂದ ಕ್ಯಾನು ಕಟ್ಟಿಕೊಂಡು ಬರುವವರೆಲ್ಲ ಅದನ್ನೇ ಇಟ್ಟಿದ್ದರಂತೆ; ಕಾಕಾ ಯಾರ ಮನೆ ಮುಂದೆ ನಿಲ್ಲಿಸಿದರೂ ಹೆಣ್ಣುಮಕ್ಕಳು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರಂತೆ. ಅದು ಹೋಗಿ ಬುಲೆಟ್ ಬಂತು. ಅದಕ್ಕೆ ‘ಎಮ್ಮಿ’ ಎಂದು ಹೆಸರಿಟ್ಟರು. "ಒದ್ದರ ಏಳೂದಿಲ್ಲ, ಎದ್ದರ ನಿಂದ್ರೂದಿಲ್ಲ" ಎಂದು ಬಯ್ಯುತ್ತಿದ್ದರೂ ಅದರ ಅಗಲವಾದ ಸೀಟಿನ ಮೇಲೆ ಸೆರಗು ಹೊದ್ದು ಕೂತಾಗ ಅವರ ಮುಖ ನೋಡಬೇಕಿತ್ತು. ಒದ್ದೂ ಒದ್ದೂ ಕಾಕಾನ ಮೊಣಕಾಲು ಬಾತುಕೊಂಡಿತು, ಎಮ್ಮೆ ಮಾರಿದರು. ಆಮೇಲೆ ಬಂದದ್ದು ನೂರು ಸಿಸಿಯ ತೆಳ್ಳನೆಯ ಗಾಡಿ. ಕಾಕು ಅದನ್ನು ಒಂದು ಸುತ್ತು ನೋಡಿ, "ಇದು ಗುಮಾಸ್ತ. ಆವಾಜ ಇಲ್ಲ, ಊಟ ಕಮ್ಮಿ, ಮುಂಜಾನೆದ್ದು ಕೆಲಸಕ್ಕ ಹೋಗ್ತದ" ಅಂದರು. ಓಣಿಯೆಲ್ಲ ನಕ್ಕಿತು. ಎಮ್ಮೆಯ ಕಡೆಯ ದಿನಗಳನ್ನೂ ಗುಮಾಸ್ತನ ಇಡೀ ಚಾಕರಿಯನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ಗಾಡಿ ಬಂದರೂ ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ಕಾಕುವೇ ಹರಿಯಬೇಕು. ಗಾಡಿ ನಿಮ್ಮದು, ಸೀಟು ನಂದು ಅನ್ನುತ್ತಿದ್ದರು. ಭಾನುವಾರ ಬಂತೆಂದರೆ ಇಬ್ಬರೂ ಅಮರಗೋಳದಲ್ಲಿದ್ದ ಕಾಕುವಿನ ಅಕ್ಕನ ಮನೆಗೆ ಹೊರಡುತ್ತಿದ್ದರು. ಮನೆಯಲ್ಲಿ ಹಾವು ಮುಂಗುಸಿಯಂತೆ ಇದ್ದವರು ಗಾಡಿ ಹತ್ತಿದ ಮೇಲೆ ಅದೇನು ಮಾತಾಡುತ್ತಿದ್ದರೋ, ಓಣಿ ದಾಟುವ ತನಕ ಕಾಕುವಿನ ನಗು ಕೇಳುತ್ತಿತ್ತು.

ಕಾಕಾ ರಿಟೈರಾದರು. ಅದಾಗಿ ಕೆಲವು ದಿನಕ್ಕೆ ಗುಮಾಸ್ತನ ಮೇಲೆ ದೂರು ಶುರುವಾಯಿತು. "ಹ್ಯಾಂಡಲ್ ನಡಗ್ಲಿಕ್ಕತ್ತದ. ಕಂಪನಿಯವರು ಮೊದಲಿನಂಗ ಮಾಡೂದಿಲ್ಲ." ಓಣಿಯ ತುದಿಯ ಗ್ಯಾರೇಜಿನ ಮಿಸ್ತ್ರಿ ಹ್ಯಾಂಡಲ್ ಬಿಚ್ಚಿ ನೋಡಿದ, ಚಕ್ರ ತಿರುಗಿಸಿ ನೋಡಿದ, ಹತ್ತಿ ಒಂದು ಸುತ್ತು ಹೋಗಿ ಬಂದ. ಏನೂ ಇರಲಿಲ್ಲ. ಇಲ್ಲ ಅನ್ನಲು ಮನಸ್ಸಾಗದೆ ಯಾವುದೋ ನಟ್ಟು ಬಿಗಿ ಮಾಡಿ, "ನೋಡ್ರಿ ಮಾಸ್ತರ, ಈಗ ಛಲೋ ಆತು" ಎಂದು ಕಳಿಸಿದ. ಛಲೋ ಆಗಲಿಲ್ಲ. ಗುಮಾಸ್ತನನ್ನು ಕೊಟ್ಟು ಬೇರೆ ಕಂಪನಿಯದನ್ನು ತಂದರು. ವರ್ಷ ತುಂಬುವುದರೊಳಗೆ ಅದೂ ನಡುಗತೊಡಗಿತು. ಅದನ್ನೂ ಕೊಟ್ಟು ಮತ್ತೊಂದು ತಂದರು.

ಓಣಿಯವರು ಏನೆಂದರು ಅಂತೀರಿ? "ಹೌದ್ರಿ ಕಾಕಾ, ಈಗಿನ ಗಾಡಿ ಎಲ್ಲಾ ಹಂಗ ಬರ್ತಾವ." ನಾವು ಧಾರವಾಡದವರು ಬಹಳ ಸಭ್ಯರು. ಹಿರಿಯರ ಮಾತಿಗೆ ಅಡ್ಡ ಹೇಳುವುದಿಲ್ಲ. ಹಿರಿಯರು ಬಾವಿಗೆ ಬೀಳುತ್ತೇನೆಂದರೂ ನೀರು ಸಿಹಿ ಅದಾವ್ರಿ ಅನ್ನುವ ಜನ. ಆ ಸಭ್ಯತೆಯ ಮೇಲೆ ನನಗೆ ಸಿಟ್ಟು ಬಂದದ್ದು ಮಾತ್ರ ಬಹಳ ತಡವಾಗಿ...

ನನಗೆ ಅನುಮಾನ ಬಂದದ್ದು ಕಾಕಾನ ಕೈಯಿಂದಲ್ಲ, ಕಾಕುವಿನ ಬಾಯಿಂದ. ಕಡೆಯ ಆ ಎರಡು ಗಾಡಿಗಳಿಗೆ ಅವರು ಹೆಸರೇ ಇಡಲಿಲ್ಲ. ಹೊಸದು ಬಂದ ದಿನ ಎಲ್ಲರೂ ಅವರ ಬಾಯನ್ನೇ ನೋಡುತ್ತ ನಿಂತಿದ್ದೆವು. ಅವರು ಪ್ಲಾಸ್ಟಿಕ್ ಹರಿದು, ಮುದ್ದೆ ಮಾಡಿ, ಸುಮ್ಮನೆ ಒಳಗೆ ಹೋದರು. ಇನ್ನೊಂದು ದಿನ ಕಾಕಾಗೆ ಚಹಾ ಕೊಡುವಾಗ ನೋಡಿದೆ. ಎಂದಿನ ಕಪ್ಪೂ ಬಸಿಯೂ ಇರಲಿಲ್ಲ. ದೊಡ್ಡ ಲೋಟದಲ್ಲಿ ಅರ್ಧ ಚಹಾ. ಕಾಕಾ ಎರಡೂ ಕೈಯಲ್ಲಿ ಹಿಡಿದು ಕುಡಿದರು, ಆದರೂ ಧೋತರದ ಮೇಲೆ ಎರಡು ಹನಿ ಬಿದ್ದವು. ಕಾಕು ನೋಡದವರಂತೆ ಕ್ಯಾಲೆಂಡರ್ ನೋಡುತ್ತಿದ್ದರು.

ಅಂದು ಗೋಡೆಯ ಹತ್ತಿರ, ಗಾಡಿಗೆ ನಿಜಕ್ಕೂ ಏನಾಗಿದೆ ಎಂದು ಕೇಳಿಯೇ ಬಿಟ್ಟೆ. ಕಾಕು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಗಾಡೀದು ಏನೂ ಇಲ್ಲವಾ. ನಡಗೂದು ಅವರ ಕೈ."

"ಗೊತ್ತಿದ್ದೂ ಹಿಂದ ಕೂಡ್ತೀರೇನ್ರಿ? ನಿಮಗ ಹುಚ್ಚು ಹಿಡದದ ಕಾಕು."

"ಹಿಡದು ಭಾಳ ವರ್ಷ ಆತು" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು. ಕಾಕಾನ ಅಣ್ಣನಿಗೂ ಹೀಗೇ ಆಗಿತ್ತಂತೆ. ಮನೆಮಂದಿಯೆಲ್ಲ ಸೇರಿ, ನಿಮ್ಮ ಕೈ ನಡುಗುತ್ತದೆ, ಇನ್ನು ಸೈಕಲ್ ಮುಟ್ಟಬೇಡಿ ಅಂದರಂತೆ. ಆ ದಿನ ಹೊರಸಿನ ಮೇಲೆ ಕೂತ ಮನುಷ್ಯ ಮತ್ತೆ ಏಳಲಿಲ್ಲ. ವರ್ಷದೊಳಗೆ ಹೋದರಂತೆ. "ಇವರಿಗೂ ಹಂಗ ಅನ್ಲೇನು? ನನ್ನ ಬಾಯಾಗಿಂದ ಬರೂದಿಲ್ಲವಾ. ನಾ ಹಿಂದ ಕೂತ್ರ ಸಾವಕಾಶ ಹೊಡೀತಾರ. ಒಬ್ಬರ ಹೋದ್ರ ಯಾರ ಮಾತು ಕೇಳ್ತಾರ? ನೀ ಯಾರ ಮುಂದೂ ಅನಬ್ಯಾಡ."

ಹಾಗಾಗಿ ಕಾಕು ಎಲ್ಲಿಗೂ ಗಾಡಿ ಹತ್ತತೊಡಗಿದರು. ಕಾಕಾ ಪೆನ್ಶನ್ನಿಗೆ ಹೊರಟರೂ, ಕಾಯಿಪಲ್ಯಕ್ಕೆ ಹೊರಟರೂ, ಕ್ಷೌರಕ್ಕೆ ಹೊರಟರೂ ಹಿಂದೆ ಕಾಕು. ಮೊದಲು ಸೀಟಿನ ಹಿಡಿಕೆ ಹಿಡಿಯುತ್ತಿದ್ದವರು ಈಗ ಕಾಕಾನ ಭುಜ ಹಿಡಿಯುತ್ತಿದ್ದರು. ಗಾಡಿ ಸ್ವಲ್ಪ ಓಡಿದರೆ ಭುಜ ಒತ್ತುವುದು, ಕಾಕಾ ನಿಧಾನ ಮಾಡುವುದು. ಈ ವಯಸ್ಸಿನಲ್ಲಿ ಇದೇನು ಹನಿಮೂನು ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡಿದರು. "ನಿಮ್ಮ ಗಂಡಂದಿರು ಕರಕೊಂಡು ಹೋಗೂದಿಲ್ಲಂತ ಹೊಟ್ಟಿಕಿಚ್ಚೇನು?" ಎಂದು ಕಾಕು ಬಾಯಿ ಮುಚ್ಚಿಸಿದರು. ಆದರೆ ಗಾಡಿ ತಿರುವಿನಲ್ಲಿ ಮರೆಯಾಗುವ ಮುನ್ನ ಅವರ ಬೆರಳುಗಳು ಅಂಗಿಯ ಮೇಲೆ ಹೇಗೆ ಬಿಗಿದಿರುತ್ತಿದ್ದವು ಎಂಬುದನ್ನು ನಾನು ನೋಡುತ್ತಿದ್ದೆ. ಅವರಿಗೆ ಹೆದರಿಕೆಯಾಗುತ್ತಿತ್ತು. ಬಹಳ ಹೆದರಿಕೆಯಾಗುತ್ತಿತ್ತು.

ಒಂದು ಭಾನುವಾರ ಎಂದಿನಂತೆ ಅಮರಗೋಳಕ್ಕೆ ಹೊರಟರು. ಹುಬ್ಬಳ್ಳಿ ರಸ್ತೆಯಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತಂತೆ. ಕಾಕಾ ದಾರಿ ಬಿಡಲು ಎಡಕ್ಕೆ ತಿರುಗಿಸಿದರು. ಕೈ ನಡುಗಿ ಹ್ಯಾಂಡಲ್ ಪೂರ್ತಿ ಹೊರಳಿ, ಗಾಡಿ ರಸ್ತೆಯಂಚಿನ ಜಲ್ಲಿ ಕಡಿಯಲ್ಲಿ ಜಾರಿತು. ಲಾರಿ ತಾಗಲೂ ಇಲ್ಲ, ತನ್ನ ದಾರಿ ಹಿಡಿದು ಹೋಯಿತು. ಕಾಕಾಗೆ ಮೊಣಕೈ ತರಚಿತು. ಗಾಡಿಯ ಇಂಡಿಕೇಟರ್ ಒಡೆಯಿತು. ಒಂದೇ ಕಡೆ ಕಾಲು ಹಾಕಿ ಕೂತಿದ್ದ ಕಾಕು ಹಿಮ್ಮುಖವಾಗಿ ಬಿದ್ದರು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂದು ನಮ್ಮ ಕಡೆ ಆಗ ಯಾರಿಗೆ ಅನಿಸಿತ್ತು... ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಕಣ್ಣು ತೆರೆಯಲಿಲ್ಲ. ಅಷ್ಟು ಮಾತಿನ ಹೆಂಗಸು ಒಂದೂ ಮಾತಿಲ್ಲದೆ ಹೋದರು.

ಸಾವಿನ ಮನೆಗೆ ಮಾತಾಡಿಸಲು ಬಂದವರು ಅಲ್ಲಿಯೂ ಅದನ್ನೇ ಅಂದರು. ಏನು ಮಾಡೂದ್ರಿ ಕಾಕಾ, ಆ ಕಂಪನಿ ಗಾಡೀನ ಸರಿ ಇಲ್ಲ. ನನಗೆ ಮೈ ಉರಿದುಹೋಯಿತು. ಗ್ಯಾರೇಜಿನ ಮಿಸ್ತ್ರಿ ಮಾತ್ರ ಒಳಗೆ ಬರಲಿಲ್ಲ. ಗೇಟಿನ ಹೊರಗೇ ನಿಂತು, ನಾನು ಹೊರಗೆ ಬಂದಾಗ, "ಬಾಯಾರ, ಗಾಡಿ ಛಲೋ ಇತ್ತರಿ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಹೋದ.

ಎಲ್ಲ ಕಾರ್ಯ ಮುಗಿದ ಮೇಲೆ ಒಂದು ಸಂಜೆ ಕಾಕಾಗೆ ಊಟ ಕೊಡಲು ಹೋಗಿದ್ದೆ. ಮಗಳು ಒಳಗೆ ಸಾಮಾನು ಕಟ್ಟುತ್ತಿದ್ದಳು. ಕಾಕಾ ಪಡಸಾಲೆಯ ಕುರ್ಚಿಯ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಹಾಗೆ ಕೂತರೂ ಭುಜ ಅಲ್ಲಾಡುತ್ತಿತ್ತು. ನನ್ನ ಮುಖ ನೋಡದೆ ಕೇಳಿದರು.

"ಒಂದು ಮಾತು ಖರೇ ಹೇಳವಾ. ನನ್ನ ಕೈ ಹಿಂಗ ಅದ ಅಂತ ಆಕಿಗೆ ಗೊತ್ತಿತ್ತೇನು?"

ಗೊತ್ತಿತ್ತು ಎಂದು ಹೇಗೆ ಹೇಳಲಿ? ಗೊತ್ತಿದ್ದೇ ನಿಮ್ಮ ಹಿಂದೆ ಕೂತು ಸತ್ತರು ಎಂದು ಆ ಮುದುಕನಿಗೆ ಯಾವ ಬಾಯಿಂದ ಹೇಳಲಿ?

"ಇಲ್ರೀ ಕಾಕಾ. ಗಾಡೀದ ತಪ್ಪು ಅಂತಿದ್ರು."

ಕಾಕಾ ತಲೆಯಾಡಿಸಿದರು, ಲೆಕ್ಕ ಸರಿ ಬಂತು ಅನ್ನುವ ಮಾಸ್ತರರ ಹಾಗೆ.

"ಅದಕ್ಕ ಮತ್ತ. ಗೊತ್ತಿದ್ರ ಅಂತಿದ್ಲು, ಬಿಡವಾಕಿ ಅಲ್ಲ. ಆಕಿ ಒಂದ ಸಲ ಬ್ಯಾಡ ಅಂದಿದ್ರ ಸಾಕಿತ್ತು. ಆವತ್ತ ಗಾಡಿ ಬಿಟ್ಟುಬಿಡ್ತಿದ್ದೆ."

ಊಟದ ಡಬ್ಬಿ ಅಲ್ಲೇ ಇಟ್ಟು ಎದ್ದು ಬಂದೆ. ಮರುದಿನ ಮಗಳು ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದಳು. ಕೈಗೆ ಬಂದದ್ದು ಮುಂದೆ ಕಾಲಿಗೂ ನಾಲಿಗೆಗೂ ಬಂತಂತೆ. ಅಲ್ಲಿಯೇ ತೀರಿಕೊಂಡರು. ನಾವೂ ಹುಬ್ಬಳ್ಳಿಗೆ ಬಂದು ಮನೆ ಕಟ್ಟಿದೆವು. ಆ ಗೋಡೆ, ಆ ಓಣಿ ಎಲ್ಲ ಬಿಟ್ಟುಹೋದವು.

ಇವತ್ತು ಸಂಜೆ ಎದುರು ಮನೆಯ ಗಂಡಹೆಂಡಿರು ಹೊಸ ಗಾಡಿಯ ಮೇಲೆ ಎಲ್ಲಿಗೋ ಹೊರಟರು. ಆಕೆ ನನಗೆ ಕೈ ಬೀಸಿದಳು, ನಾನೂ ಬೀಸಿದೆ. ಅವರು ತಿರುವು ದಾಟಿದ ಮೇಲೂ ಗೇಟಿನಲ್ಲೇ ನಿಂತಿದ್ದೆ. ಕಾಕು ಇಲ್ಲ ಎಂಬ ದುಃಖ ಇಷ್ಟು ವರ್ಷಗಳಲ್ಲಿ ಅಷ್ಟಿಷ್ಟು ರೂಢಿಯಾಗಿದೆ. ಅವರ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಕಾಕಾ ಅಂದು ಆಡಿದ ಮಾತು ನೆನಪಾದಾಗಲೆಲ್ಲ, ಅದು ಸುಳ್ಳಾಗಿರಲಿ, ಕಾಕು ಸಾವಿರ ಸಲ ಬ್ಯಾಡ ಅಂದಿದ್ದರೂ ಆ ಮನುಷ್ಯ ಗಾಡಿ ಬಿಡುತ್ತಿರಲಿಲ್ಲ ಎನ್ನುವುದೇ ಖರೆಯಾಗಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ.