ಮಷೀನಾಗಿ ನಿಂತ ಮೇಷ್ಟರು

ಎಂಬತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ತೊಂದು ವರ್ಷ. ಮೈಸೂರಿನಿಂದ ವರ್ಗವಾಗಿ ಬಂದ ಅಪ್ಪನ ಜೊತೆ ನಾವು ಮುಂಬಯಿಯ ಗೋರೆಗಾಂವ್‌ನಲ್ಲಿದ್ದೆವು. ಫೋರ್ಟ್ ಬಡಾವಣೆಯ ಒಂದು ಹಡಗು ಕಂಪನಿಯಲ್ಲಿ ನನ್ನದು ಡೇಟಾ ಎಂಟ್ರಿ ಕೆಲಸ. ಎಸಿ ಹಾಕಿದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕೂತು, ನಾಲ್ಕು ಜನ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಸರಕಿನ ಪಟ್ಟಿಗಳನ್ನು ಟೈಪ್ ಮಾಡುತ್ತಿದ್ದೆವು. ಟೈಪ್ ಮಾಡಿದ್ದು ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಹೋಗಿ ಏನಾಗುತ್ತದೆ ಎಂದು ಒಮ್ಮೆ ಸೂಪರ್‌ವೈಸರನ್ನು ಕೇಳಿದೆ.

"ವೋ ಪ್ರೋಗ್ರಾಮರ್ ಲೋಗ್ ದೇಖೇಂಗೆ. ತುಮ್ ಟೈಪ್ ಕರೋ," ಎಂದರು ಅವರು. ಅದನ್ನು ಪ್ರೋಗ್ರಾಮರುಗಳು ನೋಡಿಕೊಳ್ಳುತ್ತಾರೆ, ನೀನು ಟೈಪ್ ಮಾಡು ಅಂತ.

ಗದರಿಸಿ ಹೇಳಿದ್ದಲ್ಲ. ಆದರೂ ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಫುಟ್‌ಪಾತಿನಲ್ಲಿ ಒಂದು ಹಳೆಯ ಪ್ರೋಗ್ರಾಮಿಂಗ್ ಪುಸ್ತಕ ಕೊಂಡು ಲೋಕಲ್ ರೈಲಿನಲ್ಲಿ ಹೋಗುತ್ತಾ ಬರುತ್ತಾ ಓದಿದೆ. ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ.

ಆ ವರ್ಷ ನಮ್ಮ ಕಡೆಯ ಕನ್ನಡ ಸಂಘದಲ್ಲಿ ಒಬ್ಬ ಹಿರಿಯರ ಭಾಷಣವಿತ್ತು. ಧಾರವಾಡದ ಕಡೆಯವರು. ದೇಶದ ಮೊದಮೊದಲ ಕಂಪ್ಯೂಟರುಗಳಲ್ಲಿ ಒಂದನ್ನು ಕಟ್ಟಿದ ತಂಡದಲ್ಲಿದ್ದವರು, ಮುಂಬಯಿಯಲ್ಲೇ ಒಂದು ಸಂಶೋಧನಾ ಸಂಸ್ಥೆಯಿಂದ ನಿವೃತ್ತರಾದವರು. ಭಾಷಣ ಮುಗಿದ ಮೇಲೆ ನಾನು ಎದ್ದು ನಿಂತು, "ಸರ್, 'ಅ' ಆದ ಮೇಲೆ 'ಆ' ಬರುತ್ತೆ ಅಂತ ಕಂಪ್ಯೂಟರಿಗೆ ಯಾರು ಹೇಳಿಕೊಡ್ತಾರೆ?" ಎಂದು ಕೇಳಿದೆ. ಸಭೆ ನಕ್ಕಿತು. ಅವರು ನಗಲಿಲ್ಲ.

"ಛಲೋ ಪ್ರಶ್ನೆ ಅದ. ನಿಂತಲ್ಲೇ ಹೇಳಿದ್ರ ಅರ್ಧಮರ್ಧ ಆಗತದ. ಶನಿವಾರ ಮಧ್ಯಾಹ್ನ ಮನಿಗೆ ಬರತೀಯೇನವಾ?"

ಮೊದಲ ಶನಿವಾರ ಅಪ್ಪನೂ ಜೊತೆಗೆ ಬಂದರು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಹಳೆಯ ಬಿಲ್ಡಿಂಗ್, ಮೂರನೆಯ ಮಾಳಿಗೆ. ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ನನಗೆ ಸ್ವಲ್ಪ ನಿರಾಸೆಯಾಯಿತು. ಅವರು ನೇರ ಅಡುಗೆಮನೆಗೆ ಹೋಗಿ, ಹೆಂಡತಿಯನ್ನು ಕೇಳಿ ಎಂಟು ಸ್ಟೀಲ್ ಡಬ್ಬಿಗಳನ್ನು ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸಾಸಿವೆ, ಅಕ್ಕಿ, ತೊಗರಿಬೇಳೆ, ರವೆ, ಕಡಲೆ, ಹೀಗೆ ಹೆಸರು ಬರೆದ ಚೀಟಿ ಅಂಟಿಸಿದ ಡಬ್ಬಿಗಳು.

"ಈಗ ನಾ ಮಷೀನು. ನನಗ ಬುದ್ಧಿ ಇಲ್ಲ. ನೀ ಹೇಳಿದಷ್ಟ ಮಾಡತೀನಿ. ಇವನ್ನ ಅಕಾರಾದಿಯಾಗಿ ಸಾಲಿಗೆ ಹಚ್ಚಿಸು, ನೋಡೋಣ."

ನಾನು ಯೋಚಿಸಿ ಹೇಳಿದೆ: ಎಡಗಡೆಯಿಂದ ಶುರುಮಾಡಿ, ಅಕ್ಕಪಕ್ಕದ ಎರಡು ಡಬ್ಬಿ ನೋಡಿ, ಕ್ರಮ ತಪ್ಪಿದ್ದರೆ ಅದಲುಬದಲು ಮಾಡಿ. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ. ಅವರು ಮುಖದಲ್ಲಿ ಯಾವ ಭಾವವೂ ಇಲ್ಲದೆ ಹಾಗೇ ಮಾಡುತ್ತಾ ಹೋದರು. ಆರೇಳು ಸುತ್ತಿಗೆ ಡಬ್ಬಿಗಳೆಲ್ಲ ಸಾಲಿಗೆ ಬಂದವು. ನನಗೆ ಖುಷಿಯಾಯಿತು. ಆದರೆ ಅವರು ನಿಲ್ಲಲಿಲ್ಲ. ಮತ್ತೆ ಎಡಗಡೆಗೆ ಬಂದು ಒಂದೊಂದೇ ಜೋಡಿ ನೋಡುತ್ತಾ ಬಲಕ್ಕೆ ಹೋದರು, ಮತ್ತೆ ಬಂದರು.

ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಲ್ಲಿ ನಿಂತು, "ನನಗ ಒಗ್ಗರಣಿಗೆ ಸಾಸಿವಿ ಬೇಕಾಗೇದ. ಇದು ಯಾವಾಗ ಮುಗೀತದ?" ಎಂದರು.

"ಮಷೀನಿಗೆ ಯಾರೂ ನಿಲ್ಲು ಅಂದಿಲ್ಲ," ಎಂದರು ಅವರು, ಕೈ ಆಡಿಸುತ್ತಲೇ.

ಅಪ್ಪ ಜೋರಾಗಿ ನಕ್ಕುಬಿಟ್ಟರು. ಮುಂದಿನ ಶನಿವಾರದಿಂದ ನಾನೊಬ್ಬಳೇ ಹೋಗತೊಡಗಿದೆ.

ಮಧ್ಯಾಹ್ನ ಆಫೀಸು ಬಿಟ್ಟ ಕೂಡಲೇ ಚರ್ಚ್‌ಗೇಟಿನಲ್ಲಿ ಗಾಡಿ ಹಿಡಿಯುತ್ತಿದ್ದೆ. ಮೊದಲು ಊಟ, ಆಮೇಲೆ ಪಾಠ. ನಾನು ಕಾಗದದ ಮೇಲೆ ಪ್ರೋಗ್ರಾಮ್ ಬರೆಯುವುದು, ಅವರು ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಅದನ್ನು ನಡೆಸಿ ನೋಡುವುದು. ಒಂದು ದಿನವೂ 'ಇದು ತಪ್ಪು' ಎಂದವರಲ್ಲ. ತಪ್ಪು ಬಂದ ಸಾಲಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದರು, ನನಗೇ ಕಾಣುವವರೆಗೆ. ನಾಲ್ಕೈದು ತಿಂಗಳಾದ ಮೇಲೆ, ಸಂಸ್ಥೆಯಲ್ಲಿ ಹೊಸಬರಿಗೆ ಕಲಿಸಲು ತಾವು ಬರೆದಿದ್ದ ಟಿಪ್ಪಣಿಗಳ ಕಟ್ಟನ್ನು ನನ್ನ ಕೈಗಿಟ್ಟರು.

ಅದರಲ್ಲಿ, ಅಕಾರಾದಿಯಾಗಿ ಜೋಡಿಸಿದ ದೊಡ್ಡ ಪಟ್ಟಿಯಲ್ಲಿ ಒಂದು ಹೆಸರು ಹುಡುಕುವ ಪ್ರೋಗ್ರಾಮ್ ಇತ್ತು. ಪಟ್ಟಿಯ ನಡುವೆ ನೋಡಿ, ಬೇಡದ ಅರ್ಧ ಬಿಟ್ಟು, ಉಳಿದ ಅರ್ಧದಲ್ಲಿ ಮತ್ತೆ ಹಾಗೇ ಹುಡುಕುವುದು. ಲೋಕಲ್‌ನಲ್ಲಿ ನಿಂತುಕೊಂಡೇ ಅದನ್ನು ನಡೆಸಿ ನೋಡಿದೆ. ಹುಡುಕುವ ಹೆಸರು ಪಟ್ಟಿಯಲ್ಲಿ ಇಲ್ಲದೆ, ಕೊನೆಯ ಹೆಸರಿಗಿಂತಲೂ ಆಚೆ ಬರುವಂಥದ್ದಾಗಿದ್ದರೆ ಪ್ರೋಗ್ರಾಮ್ ಮುಗಿಯುತ್ತಲೇ ಇರಲಿಲ್ಲ. ನನ್ನದೇ ತಪ್ಪಿರಬೇಕೆಂದು ಮೂರು ಸಲ ಮಾಡಿದೆ. ಅಷ್ಟು ದೊಡ್ಡವರಿಗೆ ಹೇಳುವುದು ಹೇಗೆಂದು ಎರಡು ಶನಿವಾರ ಬಾಯಿ ಬಿಡಲಿಲ್ಲ. ಮೂರನೆಯ ಶನಿವಾರ ಚಹಾ ಕುಡಿಯುವಾಗ ತಪ್ಪನ್ನೂ, ಅದಕ್ಕೆ ನಾನು ಕಂಡುಕೊಂಡ ತಿದ್ದುಪಡಿಯನ್ನೂ ಹೇಳಿಬಿಟ್ಟೆ.

ಅವರು ಕಪ್ಪು ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡರು. ಆ ಪ್ರೋಗ್ರಾಮನ್ನು ಸಾಲು ಸಾಲಾಗಿ ನಡೆಸಿ ನೋಡಿದರು.

"ಎಷ್ಟು ವರ್ಷ ಇದನ್ನ ಕಲಿಸೇನಿ," ಎಂದರು ಕೊನೆಗೆ. "ಒಬ್ಬರೂ ಹೇಳಲಿಲ್ಲ."

"ಸಾರಿ ಸರ್."

"ಸಾರಿ ಯಾಕವಾ? ಉಳಿದವರು ನನ್ನ ಹೆಸರು ನೋಡಿ ನಂಬಿದ್ರು. ನೀ ಪ್ರೋಗ್ರಾಮ್ ಓದಿದಿ."

ಆಗಲೇ ಕಾಗದ ತೆಗೆದು ಸಂಸ್ಥೆಯ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು ನನಗೆ ಓದಿ ಹೇಳಿದರು. ತಪ್ಪು ತಮ್ಮದು, ಕಂಡುಹಿಡಿದು ತಿದ್ದಿದ್ದು ಈ ಹುಡುಗಿ, ಮುಂದಿನ ಪ್ರತಿಗಳಲ್ಲಿ ಅವಳ ಹೆಸರು ಹಾಕಬೇಕು, ವಾರಕ್ಕೊಮ್ಮೆ ಅವಳಿಗೆ ಮಷೀನಿನ ಮುಂದೆ ಕೂರಲು ಅವಕಾಶ ಕೊಡಬೇಕು.

ಪತ್ರಕ್ಕೆ ಒಪ್ಪಿಗೆ ಬಂತು. ಸಂಸ್ಥೆಗೆ ಮೊದಲ ಸಲ ಹೋಗುವ ದಿನ ಆಫೀಸಿಗೆ ರಜೆ ಹಾಕಿದೆ. ಮಂಡಿನೋವಿದ್ದರೂ ಅವರೇ ನನ್ನೊಡನೆ ಬಸ್ಸಿನಲ್ಲಿ ಬಂದು, ಗೇಟಿನ ವಾಚ್‌ಮನ್‌ನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ, "ನನ್ನ ಪ್ರೋಗ್ರಾಮ್ ತಿದ್ದಿದಾಕಿ ಈಕಿನೇ," ಎಂದು ಪರಿಚಯ ಮಾಡಿಸಿದರು. ಸರಕಿನ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ನನ್ನ ಪ್ರೋಗ್ರಾಮ್ ಎರಡು ಸಲ ಕೆಟ್ಟು ಮೂರನೆಯ ಸಲ ನಡೆಯಿತು. ಪ್ರಿಂಟರಿನಿಂದ ಕಾಗದ ಹೊರಗೆ ಬರುವಾಗ ಅವರು ನನ್ನ ಹಿಂದೆ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬೇಕೆಂದೇ ಈ ಕಡೆ ನೋಡಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ವರ್ಷ ತುಂಬುವುದರೊಳಗೆ ನಮ್ಮ ಆಫೀಸಿನವರೇ ನನ್ನನ್ನು ಪ್ರೋಗ್ರಾಮರುಗಳ ಕೋಣೆಗೆ ಕಳಿಸಿದರು. ಆ ಆರ್ಡರ್ ಹಿಡಿದು ಗ್ರಾಂಟ್ ರೋಡಿಗೆ ಹೋದೆ. ಅವರ ಹೆಂಡತಿ ಸಿಹಿಗೆಂದು ಶಿರಾ ಮಾಡಲು ಒಳಗೆ ಹೋದರು. ಮೇಷ್ಟರು ಆರ್ಡರನ್ನು ಎರಡು ಸಲ ಓದಿ ಮಡಚಿ ಕೊಟ್ಟರು. "ಅಲ್ಲಿ ನಿನಗ ಮೊದಲನೇ ಕೆಲಸ ಏನು ಕೊಟ್ಟಾರ? ನನಗ ಬಿಡಿಸಿ ಹೇಳು," ಎಂದು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತರು. ಒಂದು ತಾಸು ನಾನು ಹೇಳುತ್ತಲೇ ಇದ್ದೆ. ಅವರು ಕೇಳುತ್ತಿದ್ದರು.