‘ಸಾಕು’ ಕಲಿಸಿದ ಟೀಚರ್

ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ, ಹಣೆಯಲ್ಲಿ ಅಗಲವಾದ ಕುಂಕುಮ. ಕೈಗಳು ಮಾತ್ರ ಬೋಳು. ನಮ್ಮ ಟೀಚರನ್ನು ನಾನು ಮೊದಲು ನೋಡಿದ್ದು ಹೀಗೆ, ಹಿರಿಯೂರಿನ ಒಂದು ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಮಕ್ಕಳ ಶಾಲೆಯಲ್ಲಿ. ಬಳೆ ಸದ್ದಿಗೆ ಕೆಲವು ಮಕ್ಕಳು ಕಿವಿ ಮುಚ್ಚಿಕೊಂಡು ಕೂಗುತ್ತವೆಂದು ಒಳಗೆ ಬರುವ ಮೊದಲೇ ಬಳೆ ತೆಗೆದು ಕರ್ಚೀಫಿನಲ್ಲಿ ಸುತ್ತಿಡುತ್ತಿದ್ದರು. ಸಂಜೆ ಊರಿನ ಬಸ್ಸಿಗೆ ಹೊರಡುವಾಗ ಮತ್ತೆ ಹಾಕಿಕೊಳ್ಳುತ್ತಿದ್ದರು. ಯಾಕೆಂದು ಯಾರಿಗೂ ವಿವರಿಸುವ ಗೋಜಿಗೆ ಹೋಗಲಿಲ್ಲ. ನಮ್ಮೂರಿನ ಹೆಂಗಸರು ಅದಕ್ಕೆ ತಮಗೆ ಬೇಕಾದ ಕಥೆ ಕಟ್ಟಿಕೊಂಡರು.

ಅವರು ತುರುವನೂರು ಕಡೆಯವರು, ಕುರಿ ಸಾಕುವ ಮನೆತನ. ಆಟಿಸಂ ಇರುವ ಮಕ್ಕಳಿಗೆ ಕಲಿಸುವ ತರಬೇತಿ ಪಡೆದು ಬಂದಿದ್ದರು. ನನ್ನ ಮಗಳಿಗೆ ಆಗ ಆರು ವರ್ಷ; ಮಾತಿಲ್ಲ. ತಡೆಯಲಾಗದಿದ್ದಾಗ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಕಚ್ಚಿ ಕಚ್ಚಿ ಮುಂಗೈ ಚರ್ಮ ದಡ್ಡುಗಟ್ಟಿತ್ತು. ಹರಕೆ ಹೊರಿ ಎಂದವರು, ಹಾಸ್ಟೆಲಿಗೆ ಸೇರಿಸಿ ಎಂದವರು, ನಿನ್ನ ಮುದ್ದೇ ಕಾರಣ ಎಂದವರು ಎಲ್ಲರೂ ಬಂದು ಹೋಗಿದ್ದರು. ಟೀಚರ್ ಇದ್ಯಾವುದನ್ನೂ ಕೇಳಲಿಲ್ಲ. ‘ಇವಳಿಗೆ ಸಾಕಾತು ಅಂತ ನಿಮಗೆ ಹೆಂಗೆ ಗೊತ್ತಾಗ್ತೈತೆ?’ ಎಂದರು. ಕೈ ಕಚ್ಚಿಕೊಂಡಾಗ ಎಂದೆ.

‘ಹಂಗಾದ್ರೆ ಅದೇ ಅವಳ ಮಾತು ಕಣ್ರಿ. ಬೇರೆ ಮಾತು ಕೊಡದೆ ಇದನ್ನ ಕಿತ್ಕಂಡ್ರೆ ಅವಳು ಏನು ಮಾಡ್ಬೇಕು?’

ಕೋಣೆಗೆ ಚಿತ್ರದ ಕಾರ್ಡುಗಳ ಒಂದು ದೊಡ್ಡ ಪೆಟ್ಟಿಗೆ ಬಂದಿತ್ತು. ಆ ಕಾರ್ಡು ತೋರಿಸಿ ತಮಗೆ ಬೇಕಾದ್ದನ್ನು ತಿಳಿಸಬಲ್ಲ ಮಕ್ಕಳು ಒಂದಿಬ್ಬರಿದ್ದರು. ನನ್ನ ಮಗಳು ಕಾರ್ಡನ್ನು ನೆಕ್ಕಿ ಎಸೆಯುತ್ತಿದ್ದಳು. ಅಂಥವರಿಗಾಗಿ ಟೀಚರ್ ಗೋಡೆಗೆ ಒಂದು ಹಲಗೆ ಹೊಡೆದು ಮೊಳೆಗಳಿಗೆ ಸಾಮಾನು ತೂಗು ಹಾಕಿದ್ದರು. ತೆಂಗಿನ ಚಿಪ್ಪು ಎಂದರೆ ನೀರು. ಹರಿದ ಬಸ್ ಸೀಟಿನ ರೆಕ್ಸಿನ್ ತುಂಡು ಎಂದರೆ ಬಸ್ಸಿನಲ್ಲಿ ಹೋಗುವುದು. ಕರಿ ಕಂಬಳಿಯ ಅಂಗೈಯಗಲದ ತುಂಡು ಎಂದರೆ ಸಾಕು. ಮಕ್ಕಳು ಅದನ್ನು ಮುಟ್ಟಿ, ಮೂಸಿ ಗುರುತು ಹಿಡಿಯುತ್ತಿದ್ದರು. ಕಂಬಳಿಯ ಕುರಿ ವಾಸನೆ ಹೋಗಬಾರದೆಂದು ಅದನ್ನು ಊರಿನಿಂದಲೇ ತರುತ್ತಿದ್ದರು.

‘ಸಾಕು’ ಕಲಿಸಿದ್ದು ತಲೆ ಬಾಚುವ ಹೊತ್ತಿನಲ್ಲಿ. ಅವಳಿಗೆ ಬಾಚಣಿಗೆ ಎಂದರೆ ಆಗದು. ನಾನು ಬಾಚುವುದು, ಟೀಚರ್ ಅವಳ ಹಿಂದೆ ಕೂತು ಅವಳ ಕೈಯಿಂದಲೇ ಕಂಬಳಿ ತುಂಡನ್ನು ನನ್ನ ಕೈಗಿಡಿಸುವುದು, ಆ ಕ್ಷಣವೇ ನಾನು ಬಾಚಣಿಗೆ ಕೆಳಗಿಡುವುದು. ಒಂದು ಎಳೆ ಕೂಡ ಹೆಚ್ಚಿಗೆ ಬಾಚುವಂತಿಲ್ಲ. ‘ಅವಳು ಸಾಕು ಅಂದ ಮ್ಯಾಲೂ ನೀವು ನಿಲ್ಲಿಸ್ಲಿಲ್ಲಾಂದ್ರೆ ಅದು ಬರೀ ಕಂಬಳಿ ತುಂಡು’ ಎನ್ನುತ್ತಿದ್ದರು. ಅರ್ಧ ಜಡೆ, ಅರ್ಧ ಬಿಚ್ಚುಗೂದಲಲ್ಲಿ ಅವಳನ್ನು ನೆಂಟರ ಮದುವೆಗೆ ಕರೆದುಕೊಂಡು ಹೋದೆ. ನಕ್ಕವರು ನಕ್ಕರು. ಒಂದು ದಿನ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದೆ. ಅವಳಾಗಿಯೇ ಬಂದು, ಟೀಚರ್ ಮನೆಗೆ ಕೊಟ್ಟು ಕಳಿಸಿದ್ದ ಕಂಬಳಿ ತುಂಡನ್ನು ನನ್ನ ಅಂಗೈಗೆ ಒತ್ತಿದಳು. ಮಿಕ್ಸಿ ನಿಲ್ಲಿಸಿ ಅಲ್ಲೇ ಕೂತು ಅತ್ತೆ. ಅವಳು ಕೈ ಕಚ್ಚಿಕೊಳ್ಳುವುದು ಆ ಚಳಿಗಾಲದ ಹೊತ್ತಿಗೆ ನಿಂತಿತು.

ಟೀಚರದು ಇನ್ನೊಂದು ಕಟ್ಟುನಿಟ್ಟಿತ್ತು. ಆಗದೇ ಇರುವುದನ್ನು ಮೊಳೆಗೆ ಹಾಕಬಾರದು. ಬಸ್ಸಿಗೆ ಹೋಗುವುದು ಖಾತ್ರಿಯಾಗದೆ ರೆಕ್ಸಿನ್ ಮುಟ್ಟುವಂತಿರಲಿಲ್ಲ. ‘ಇಲ್ಲದ್ದು ತೂಗಾಕಿದ್ರೆ ಮಕ್ಳಿಗೆ ಸುಳ್ಳು ಹೇಳ್ದಂಗೆ. ಒಂದ್ಸಲ ಸುಳ್ಳಾದ್ರೆ ಈ ಹಲಿಗೇನೇ ನಂಬಲ್ಲ ಅವು.’ ತಾಯಂದಿರಿಗೂ ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಮಗಳು ಮಾತಾಡುತ್ತಾಳಾ ಎಂದು ಕೇಳಿದಾಗ, ಗೊತ್ತಿಲ್ಲ ಎಂದರು. ಅದಕ್ಕೇ ಅವರನ್ನು ಎಷ್ಟೋ ಮಂದಿ ಒರಟು ಹೆಂಗಸು ಎಂದು ಕರೆದರು.

ಮಾರನೆಯ ವರ್ಷದ ಆಯುಧಪೂಜೆಗೆ ಟೀಚರ್ ರಜೆಯ ಮೇಲಿದ್ದರು. ಆ ಕೋಣೆ ನಡೆಸುತ್ತಿದ್ದ ಸಮಿತಿಯವರಿಗೆ ಭಕ್ತಿ ಉಕ್ಕಿತು. ಇಸ್ತ್ರಿಪೆಟ್ಟಿಗೆಗೂ ಆಟೋಗೂ ಪೂಜೆ ಆಗುವಾಗ ಮಕ್ಕಳು ಕಲಿಯುವ ಸಾಮಾನಿಗೆ ಬೇಡವೇ? ಹಲಗೆಯಿಂದ ಎಲ್ಲವನ್ನೂ ಇಳಿಸಿ ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದರು. ಚಿಪ್ಪಿಗೆ ಬಂಗಾರದ ಬಣ್ಣ ಬಳಿದರು. ರೆಕ್ಸಿನ್ನಿಗೆ ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟರು. ಕಂಬಳಿ ತುಂಡುಗಳು ಗಲೀಜಾಗಿವೆಯೆಂದು ಎಸೆದು, ಅವುಗಳ ಜಾಗಕ್ಕೆ ಕೆಂಪು ಮಖಮಲ್ಲು ಕತ್ತರಿಸಿ ತೂಗು ಹಾಕಿದರು. ಚೆಂಡುಹೂವಿನ ಹಾರ ಹಾಕಿ ಫೋಟೊ ಹಿಡಿದರು. ಇದನ್ನು ಕೆಟ್ಟ ಮನಸ್ಸಿನಿಂದ ಮಾಡಿದರು ಎಂದು ನಾನು ಹೇಳಲಾರೆ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಮಾತು.

ರಜೆ ಮುಗಿದ ದಿನ ಮಕ್ಕಳು ಬಂದು ಹಲಗೆಯ ಮುಂದೆ ನಿಂತವು. ನನ್ನ ಮಗಳು ಮಖಮಲ್ಲನ್ನು ಮೂಸಿದಳು, ಬಿಟ್ಟಳು, ಮತ್ತೆ ಮೂಸಿದಳು. ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು, ಪಕ್ಕದ ಮಂಟಪದಲ್ಲಿ ಯಾರದೋ ಮದುವೆಯ ಓಲಗ. ಸಾಕು ಎನ್ನಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಹಣೆಯನ್ನು ಗೋಡೆಗೆ ಬಡಿದುಕೊಂಡಳು, ಬಿಡಿಸಲು ಹೋದ ಸಮಿತಿಯ ಕಾರ್ಯದರ್ಶಿಯ ಕೈ ಕಚ್ಚಿದಳು. ಆ ಮಗುವನ್ನು ಇನ್ನು ಕರೆತರಬೇಡಿ, ಬೇರೆಯವರ ಸುರಕ್ಷತೆ ನಮಗೆ ಮುಖ್ಯ ಎಂದರು ಅವರು.

ಅಷ್ಟರಲ್ಲಿ ಊರಿನಿಂದ ಬಂದಿಳಿದ ಟೀಚರ್ ಎಲ್ಲರೆದುರೇ ಕೇಳಿದರು. ‘ನಮ್ಮ ಕಡೆ ದೇವರನ್ನೇ ಕಂಬಳಿ ಗದ್ದುಗೆ ಮ್ಯಾಲೆ ಕುಂದ್ರಸ್ತಾರೆ. ಅದು ನಿಮಗೆ ಗಲೀಜಾತಾ ಸಾರ್? ಆ ಮಗೀನ ಬಾಯಿ ಕಿತ್ತು ಬೀದಿಗೆ ಎಸ್ದು, ಈಗ ಕಚ್ಚಿದ್ಲು ಅಂತೀರಲ್ಲ.’

ಕಾರ್ಯದರ್ಶಿ ಅವರ ಬೋಳು ಕೈ ನೋಡಿ, ಹಬ್ಬಹರಿದಿನದ ಮರ್ಯಾದೆ ಗೊತ್ತಿಲ್ಲದವರ ಹತ್ತಿರ ಏನು ಮಾತು ಎಂದರು. ಮುಂದಿನ ವರ್ಷ ಟೀಚರ್ ಅಲ್ಲಿರಲಿಲ್ಲ. ನಾವು ತಾಯಂದಿರು ಹೋಗಿ ಕೇಳಿದ್ದಕ್ಕೆ ಅವರಾಗಿಯೇ ಬಿಟ್ಟರು ಎಂಬ ಉತ್ತರ ಬಂತು.

ಆಮೇಲೆ ಅವರು ಭಾನುವಾರ ಭಾನುವಾರ ನಮ್ಮ ಮನೆಗೇ ಬರತೊಡಗಿದರು. ತುರುವನೂರಿನಿಂದ ಚಿತ್ರದುರ್ಗಕ್ಕೆ, ದುರ್ಗದಿಂದ ಹಿರಿಯೂರಿಗೆ, ಬಿಸಿಲಲ್ಲಿ ಬಸ್ಸು ಬದಲಿಸಿಕೊಂಡು. ನಮ್ಮ ಮನೆಯಲ್ಲೂ ಒಂದು ಹಲಗೆ ಹೊಡೆದರು, ಹೊಸ ಕಂಬಳಿ ತುಂಡು ತಂದರು. ಮಗಳು ಕೈ ಕಚ್ಚಿಕೊಳ್ಳುವುದನ್ನು ಮತ್ತೆ ಬಿಡಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಟೀಚರ್ ತಾವು ಬರುವ ಗುರುತಿಗೆ ತಮ್ಮ ಮುರಿದ ಕೊಡೆಯ ಹಿಡಿಯನ್ನು ಕೊಟ್ಟಿದ್ದರು. ಶನಿವಾರ ರಾತ್ರಿ ಫೋನ್ ಮಾಡಿ, ಬರ್ತೀನಿ ಎಂದರೆ ಮಾತ್ರ ನಾನು ಅದನ್ನು ಮೊಳೆಗೆ ಹಾಕುತ್ತಿದ್ದೆ. ಬೆಳಗ್ಗೆ ಅದನ್ನು ಕಂಡ ಮಗಳು ಬಾಗಿಲಲ್ಲಿ ಹೋಗಿ ಕೂರುವಳು.

ಹೋದ ವರ್ಷ ಅವರ ಹೊಟ್ಟೆನೋವು ದೊಡ್ಡದೆಂದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ನೋಡಿದಾಗ ನನ್ನ ಮಗಳ ಜಡೆಯ ವಿಷಯ ಕೇಳಿದರು. ಪೂರ್ತಿ ಹೆಣೆಸಿಕೊಳ್ಳುತ್ತಾಳೆ ಎಂದೆ. ‘ಬ್ಯಾಡ ಅಂದಾಗ ಬಿಡ್ರಿ ಮತ್ತೆ’ ಎಂದರು. ಅವರು ತೀರಿಕೊಂಡ ಮೇಲೆ ಅದೇ ಸಮಿತಿಯವರು ಮೈಕು ಕಟ್ಟಿ ಶ್ರದ್ಧಾಂಜಲಿ ಸಭೆ ಮಾಡಿದರು, ತ್ಯಾಗಮಯಿ ಎಂದರು. ನಾನು ಹೋಗಲಿಲ್ಲ.

ಅದರ ಮರುದಿನ ಭಾನುವಾರ. ನಾನು ಏಳುವಷ್ಟರಲ್ಲಿ ಮಗಳು ತಾನೇ ಕೊಡೆಯ ಹಿಡಿಯನ್ನು ಮೊಳೆಗೆ ಹಾಕಿ ಬಾಗಿಲಲ್ಲಿ ಕೂತಿದ್ದಳು. ಇಲ್ಲದ್ದನ್ನು ತೂಗು ಹಾಕಬಾರದಲ್ಲ. ಎದೆ ಗಟ್ಟಿಮಾಡಿಕೊಂಡು ತೆಗೆದೆ. ಅವಳು ಎದ್ದು ಬಂದು ಮತ್ತೆ ಹಾಕಿದಳು. ಮತ್ತೆ ತೆಗೆದೆ. ಅವಳು ಕೂಗಲಿಲ್ಲ, ಕೈ ಕಚ್ಚಿಕೊಳ್ಳಲಿಲ್ಲ. ಹಲಗೆಯಿಂದ ಕಂಬಳಿ ತುಂಡನ್ನು ತೆಗೆದು ತಂದು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

ಟೀಚರ್ ಹೇಳಿಕೊಟ್ಟಂತೆ ಅಲ್ಲಿಗೇ ನಿಲ್ಲಿಸಿದೆ. ಕೊಡೆಯ ಹಿಡಿಯನ್ನು ನಾನೇ ಮೊಳೆಗೆ ಹಾಕಿದೆ. ಅವಳು ಹೋಗಿ ಬಾಗಿಲಲ್ಲಿ ಕೂತಳು.