ಡಿಸ್ಕಿನ ಮೇಲಿನ ವಿಭೂತಿ

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ದೇವನೂರು, ಪಂಚನಹಳ್ಳಿ ಎಂದು ವರ್ಗವಾದಲ್ಲೆಲ್ಲ ಹೆಂಗಸರಿಂದ ಒಗಟು ಕೇಳಿ ಚೀಟಿಯಲ್ಲಿ ಗೀಚಿಕೊಂಡು ಬರುವಳು. ಅಜ್ಜಂಪುರದ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದೇ ಫೈಲಿಗೆ ಟೈಪ್ ಮಾಡಿ ಚೀಟಿಯನ್ನು ನೀರೊಲೆಗೆ ಹಾಕುವಳು. ಹೇಳಿದವರಲ್ಲಿ ಹಲವರು ಈಗಿಲ್ಲ. ಡಿಸ್ಕ್ ಹೋದರೆ ಒಗಟುಗಳೂ ಹೋದ ಹಾಗೆಯೇ.

ಆ ಡಿಸ್ಕು ಹೋಗಲೂ ಇಲ್ಲ, ಇರಲೂ ಇಲ್ಲ. ಕೆಲಸದ ನಡುವೆ ತೆರೆಯ ಮೇಲಿನ ಬಾಣ ನಿಂತುಬಿಡುತ್ತಿತ್ತು. ಕಂಪ್ಯೂಟರಿನ ಡಬ್ಬದೊಳಗೆ ಟಿಕ್ ಟಿಕ್ ಸದ್ದು, ಆಮೇಲೆ ಡಿಸ್ಕೇ ಕಾಣುತ್ತಿಲ್ಲವೆಂಬ ಇಂಗ್ಲಿಷ್ ಸಾಲು. ಆರಿಸಿ, ಕಾಫಿ ಕುಡಿದು ಬಂದು ಗುಂಡಿ ಒತ್ತಿದರೆ ಏನೂ ಆಗದಂತೆ ಏಳುತ್ತಿತ್ತು. ಫೈಲನ್ನು ಪೆನ್‌ಡ್ರೈವಿಗೆ ಇಳಿಸಲು ಕೂತರೆ ಅರ್ಧದಲ್ಲಿ ಮತ್ತೆ ಟಿಕ್. ಇಳಿದ ಅರ್ಧವಂತೂ ತೆರೆಯುತ್ತಲೇ ಇರಲಿಲ್ಲ.

ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರೀಕೆರೆಗೆ ಒಯ್ದೆ. ರಿಪೇರಿ ಅಂಗಡಿಯಲ್ಲಿ ಅದು ಮಧ್ಯಾಹ್ನದವರೆಗೂ ಒಮ್ಮೆಯೂ ನಿಲ್ಲದೆ ಓಡಿತು.

"ಮನೇಲಿ ಅಳೋ ಮಗು ಡಾಕ್ಟ್ರ ಮುಂದೆ ನಗ್ತದಲ್ಲ, ಹಂಗೆ ಸಾರ್ ಇದು. ಕೆಟ್ಟಾಗ ತಗಂಡ್ ಬನ್ನಿ," ಎಂದ ಅಂಗಡಿಯವನು.

"ಕೆಟ್ಟಿದ್ದು ನೀವು ನೋಡೋ ಹೊತ್ತಿಗೆ ಸರಿಹೋಗಿರ್ತದಲ್ಲಪ್ಪಾ."

"ಅದೇ ಅದರ ಕಾಯಿಲೆ. ಯಾವುದಕ್ಕೂ ಡಿಸ್ಕಿಗೆ ಒಂದು ಹೊಸ ಕೇಬಲ್ ಇಟ್ಕಳಿ."

ನನಗೊಂದು ಊಹೆ ಇತ್ತು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೆಲವು ದಿನ ಬೆಳಿಗ್ಗೆ ಬರುತ್ತದೆ, ಕೆಲವು ದಿನ ರಾತ್ರಿ. ಬಂದ ಕ್ಷಣ ಸುತ್ತಲಿನ ತೋಟಗಳ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಮನೆಯ ದೀಪ ಮಂಕಾಗುತ್ತದೆ. ಕಂಪ್ಯೂಟರು ನಿಲ್ಲುವುದೂ ಆಗಲೇ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹೆಂಡತಿ ಒಪ್ಪಲಿಲ್ಲ.

"ಮೋಟ್ರು ಓಡ್ದೇ ಇದ್ದಾಗ್ಲೂ ನಿಂತಿದೆ ಕಣ್ರೀ. ಅದು ನಿಮ್ಗೆ ನೆನಪಿರಲ್ಲ. ನಿಮ್ಮ ಲೆಕ್ಕಕ್ಕೆ ಸೇರೋದು ಮಾತ್ರ ನೆನಪಿರೋದು ನಿಮ್ಗೆ."

ಪರೀಕ್ಷೆಗೆ ಕಷ್ಟಪಡಬೇಕಾಗಲಿಲ್ಲ. ಕರೆಂಟಿನ ಪಾಳಿ ರಾತ್ರಿಗೆ ಬದಲಾಯಿತು. ನನ್ನ ಊಹೆ ನಿಜವಾಗಿದ್ದರೆ ಬೆಳಿಗ್ಗೆ ಕಂಪ್ಯೂಟರು ನೆಟ್ಟಗಿರಬೇಕಿತ್ತು. ಮೋಟರುಗಳೆಲ್ಲ ಮಲಗಿದ್ದ ಒಂದು ಬೆಳಿಗ್ಗೆ, ದೀಪ ಮಿಣುಕದೆ ಉರಿಯುತ್ತಿದ್ದಾಗಲೇ, ಟಿಕ್ ಟಿಕ್ ಕೇಳಿಸಿತು. ಹೆಂಡತಿ ಅಡಿಗೆಮನೆಯಿಂದ ಇಣುಕಿ ನೋಡಿದಳು. ಆ ಹೊತ್ತಿಗೆ ನನಗೂ ಸೋತ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಹಾಗಾದರೆ ಇದು ಏನು?

ಕಂಪ್ಯೂಟರು ಆರಿಸಿ, ತಣ್ಣಗಾಗುವ ಮೊದಲೇ ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಡಿಸ್ಕಿನ ಬೆನ್ನ ಮೇಲೆ ಅಚ್ಚುಕಟ್ಟಾದ ಮೂರು ಗೆರೆ ವಿಭೂತಿ. ಆಯುಧಪೂಜೆಯಂದು ಧೂಳು ಹೊಡೆಯಲು ಡಿಸ್ಕನ್ನು ಹೊರಗೆ ತೆಗೆದದ್ದು ನೆನಪಾಯಿತು. ಒಣಗಿ ಉದುರಿದ ಬೂದಿ ಕೇಬಲ್ ಕೂರುವ ಸಂದಿಯಲ್ಲೂ ಇತ್ತು. ಆ ಕೇಬಲ್ಲು ಒಂದು ಕಡೆಗೆ ಕೂದಲೆಳೆಯಷ್ಟು ವಾರೆಯಾಗಿ ಕೂತಿತ್ತು.

"ಇದಕ್ಕೂ ಹಚ್ಚಿದ್ಯೇನೇ?"

"ನಾನ್ಯಾಕೆ ಹಚ್ಲಿ? ನಾನು ಡಬ್ಬಕ್ಕೆ ಹಚ್ಚೋಕೆ ಹೋದಾಗ, 'ದುಡಿಯೋದು ಒಳಗಿಂದು ಕಣೇ, ಅದಕ್ಕೆ ಹಚ್ಚಬೇಕು' ಅಂತ ನೀವೇ ಮೂರು ಬೆರಳು ಅದ್ದಿದ್ರಿ."

ನನಗೆ ನೆನಪಿರುವುದು ಬೇರೆ. ಆ ಮಾತು ಅವಳದ್ದು, ಬೆರಳೂ ಅವಳದ್ದು. ತೊಟ್ಟಿಕ್ಕುತ್ತಿದ್ದ ವಿಭೂತಿಯ ನೀರು ಸಹ ನನ್ನ ಕಣ್ಣಮುಂದಿದೆ. ಆದರೆ ಮಂಕಾದ ದೀಪವೂ ಹೀಗೆಯೇ ಕಣ್ಣಮುಂದಿತ್ತಲ್ಲ? ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಗೂ ಇಬ್ಬರಲ್ಲಿ ಉತ್ತರವಿರಲಿಲ್ಲ: ಈ ಕಾಟ ಶುರುವಾದದ್ದು ಹಬ್ಬದ ಮುಂಚೆಯೋ, ಆಮೇಲೋ?

ಒಂದೊಂದನ್ನೇ ಬದಲಿಸಿ ನೋಡಬೇಕೆಂದು ನನ್ನ ಆಸೆ. ಮೊದಲು ಬೂದಿ ಒರೆಸಿ ಎರಡು ದಿನ ಓಡಿಸುವುದು, ಆಮೇಲೆ ಕೇಬಲ್ ನೇರ ಮಾಡುವುದು, ಕೊನೆಗೆ ಹೊಸದು. ಹಾಗೆ ಮಾಡಿದರೆ ತಾನೇ ಕಳ್ಳ ಯಾರೆಂದು ತಿಳಿಯುವುದು?

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮನೆಗೆ ಬೆಂಕಿ ಬಿದ್ದಾಗ ಯಾವ ಕಡ್ಡಿಯಿಂದ ಹತ್ಕಂತು ಅಂತ ನೋಡ್ತಾ ಕೂರ್ತಾರಾ? ಎಲ್ಲಾನೂ ಒಟ್ಟಿಗೆ ಮಾಡಿ. ಮೊದ್ಲು ನನ್ನ ಒಗಟು ಈಚೆ ಬರ್ಲಿ."

ಒರೆಸಿದೆ, ತರೀಕೆರೆಯಿಂದ ತಂದ ಕೇಬಲ್ ಹಾಕಿದೆ, ಗುಂಡಿ ಒತ್ತಿದೆ. ಈ ಸಲ ಫೈಲು ಅರ್ಧದಲ್ಲಿ ನಿಲ್ಲಲಿಲ್ಲ. ಪೂರ್ತಿ ಇಳಿಯಿತು. ಅವಳು ಅದನ್ನು ಪೆನ್‌ಡ್ರೈವಿನಿಂದಲೇ ತೆರೆದು ಕೊನೆಯ ಒಗಟಿನವರೆಗೂ ಓದಿಕೊಂಡು ಹೋದಳು. ನಂಬಿಕೆ ಸಾಲದೆ ಇನ್ನೊಂದು ಪೆನ್‌ಡ್ರೈವಿಗೂ ಇಳಿಸಿದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು.

"ಹೂಂ, ಈಗ ಹಾಕ್ಕಳಿ ನಿಮ್ಮ ಹಳೇ ಕೇಬಲ್ಲು. ಕೆಡಿಸಿ ನೋಡೋಣ."

ಹಳೆಯದನ್ನು ಮೊದಲಿನ ಹಾಗೆಯೇ ವಾರೆಯಾಗಿ ಸಿಕ್ಕಿಸಿದೆ. ಹಾಗೆಯೇ ಎಂದು ನನ್ನ ನೆನಪು. ಅವಳೂ ಕುರ್ಚಿ ಎಳೆದುಕೊಂಡಳು. ಕಂಪ್ಯೂಟರು ಯಾವ ತಕರಾರೂ ಇಲ್ಲದೆ ಎದ್ದಿತು. ಕೆಡುವವರೆಗೆ ಸುಮ್ಮನೆ ಯಾಕೆ ಕೂರುವುದೆಂದು ಅವಳು ಫೈಲು ತೆರೆದು ಅಕ್ಷರದ ತಪ್ಪುಗಳನ್ನು ತಿದ್ದತೊಡಗಿದಳು. ನಾನು ಡಬ್ಬಕ್ಕೆ ಕಿವಿಗೊಟ್ಟು ಕೂತೆ.